ಮಳೆಗಾಲ ದಾಟಿಸಬೇಕಾದ ಪೆಟ್ಟಿಗೆ

ಶಿರಸಿಯ ಸುತ್ತಲಿನ ಊರುಗಳಿಗೆ ಜೇನು ಸಾಕಣೆ ಹೊಸ ವಿದ್ಯೆಯೇನಲ್ಲ. ಆದರೆ ತೋಟವೂ ಅದಕ್ಕೆ ಸೊಪ್ಪು ತರುವ ಬೆಟ್ಟವೂ ಇಲ್ಲದೆ ಕೂಲಿಯನ್ನೇ ನಂಬಿ ಬದುಕುವ ಮನೆಗಳಿಗೆ ಈ ಕಸುಬು ಮೊದಲು ತಲುಪಬೇಕು ಎಂಬುದು ನನ್ನ ಬಹುದಿನದ ಅನಿಸಿಕೆ. ಮರದ ಪೊಟರೆಗಳಲ್ಲಿ ಗೂಡು ಕಟ್ಟುವ ನಮ್ಮ ನಾಡಿನ ತುಡುವೆ ಜೇನನ್ನು ಸಾಕಲು ಪಹಣಿ ಬೇಕಾಗಿಲ್ಲ. ಪೆಟ್ಟಿಗೆಯಿಡಲು ಹಿತ್ತಲಿನ ನೆರಳಿದ್ದರೆ ಸಾಕು. ಮತ್ತಿ, ನೇರಳೆ, ಅಂಟುವಾಳಗಳು ಯಾರ ಬೆಟ್ಟದಲ್ಲಿ ಹೂಬಿಟ್ಟರೂ ನೊಣಗಳು ಹೋಗಿ ಬರುತ್ತವೆ.

ನಮ್ಮ ತೋಟದಲ್ಲಿ ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡರು ಕೆಲವು ವರ್ಷಗಳ ಹಿಂದೆ ಒಂದು ಯೋಜನೆಯಡಿ ಎರಡು ಪೆಟ್ಟಿಗೆಗಳನ್ನು ಪಡೆದಿದ್ದರು. ಅವನ್ನು ಕೊಟ್ಟವರು ಜೇನು ತೆಗೆಯುವ ಕ್ರಮವನ್ನು ಒಂದು ದಿನ ಹೇಳಿಕೊಟ್ಟು ಹೋದರು, ಮಳೆಗಾಲದ ಮಾತನ್ನೇ ಎತ್ತಲಿಲ್ಲ. ಆಷಾಢ ಮುಗಿಯುವುದರೊಳಗೆ ಒಂದು ಪೆಟ್ಟಿಗೆಯ ಜೇನು ಕುಟುಂಬ ಹಾರಿಹೋಯಿತು, ಇನ್ನೊಂದರ ಎರಿಗಳನ್ನು (ನೊಣಗಳು ಕಟ್ಟಿದ ಮೇಣದ ಹಲ್ಲೆಗಳನ್ನು) ಮೇಣದ ಪತಂಗದ ಹುಳು ತಿಂದಿತು. ಆ ಖಾಲಿ ಪೆಟ್ಟಿಗೆಯಲ್ಲಿ ಅವರ ಮನೆಯವರು ಕೋಳಿಗೆ ಕಾವು ಕೂರಿಸಿದ್ದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಯಿತು, ಏಕೆಂದರೆ ಅವರು ಸೋತದ್ದು ಅಸಡ್ಡೆಯಿಂದಲ್ಲ.

ನಮ್ಮ ಸೀಮೆಯಲ್ಲಿ ಜೇನು ಸಾಕಣೆಯ ಸೋಲು ಗೆಲುವು ನಿರ್ಧಾರವಾಗುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಎಡೆಬಿಡದ ಮಳೆಯಲ್ಲಿ ನೊಣಗಳು ಹೊರಗೆ ಹೋಗಲಾರವು, ಹೋದರೂ ಮಕರಂದ ಸಿಗುವುದು ಕಡಿಮೆ. ಆಗ ಸಕ್ಕರೆಯನ್ನೂ ನೀರನ್ನೂ ಸಮನಾಗಿ ಬೆರೆಸಿದ ಪಾಕವನ್ನು ಗೆರಟೆಯಲ್ಲಿ ಹಾಕಿ, ನೊಣ ಮುಳುಗದಂತೆ ಅದರಲ್ಲಿ ನಾಲ್ಕು ಕಡ್ಡಿಗಳನ್ನಿಟ್ಟು, ಸಂಜೆಯ ಹೊತ್ತು ಪೆಟ್ಟಿಗೆಯೊಳಗೆ ಇಡಬೇಕು. ಹಗಲಿನಲ್ಲಿಟ್ಟರೆ ಪಕ್ಕದ ಪೆಟ್ಟಿಗೆಯ ನೊಣಗಳು ದರೋಡೆಗೆ ಬರುತ್ತವೆ. ಮೇಲಿನ ಜೇನು ಕೋಣೆಯನ್ನು ತೆಗೆದಿಟ್ಟು, ಮರಿಗಳು ಬೆಳೆಯುವ ಕೆಳಗಿನ ಸಂಸಾರ ಕೋಣೆಯಲ್ಲಿಯೂ ನೊಣಗಳು ಮುಚ್ಚಿ ಕೂರುವಷ್ಟು ಎರಿಗಳನ್ನು ಮಾತ್ರ ಉಳಿಸಬೇಕು, ಏಕೆಂದರೆ ಮೇಣದ ಪತಂಗ ಮೊಟ್ಟೆಯಿಡುವುದು ಕಾವಲಿಲ್ಲದ ಎರಿಯಲ್ಲಿ. ಅಡಿಹಲಗೆಯ ಕಸವನ್ನು ವಾರಕ್ಕೊಮ್ಮೆ ಗುಡಿಸಿ, ಸ್ಟ್ಯಾಂಡಿನ ಕಾಲುಗಳ ಕೆಳಗೆ ನೀರಿನ ಬಟ್ಟಲಿಟ್ಟರೆ ಇರುವೆಯ ಕಾಟವೂ ತಪ್ಪುತ್ತದೆ. ಕಷ್ಟದ ಕೆಲಸ ಇದರಲ್ಲಿ ಯಾವುದೂ ಇಲ್ಲ. ಆದರೆ ಕೂಲಿ ಸಿಗದ ಅದೇ ತಿಂಗಳುಗಳಲ್ಲಿ ಸಕ್ಕರೆಗೆ ದುಡ್ಡು ಹೊಂದಿಸುವುದು ಬಡವರಿಗೆ ಭಾರ. ಆದ್ದರಿಂದ ನಾಲ್ಕು ಪೆಟ್ಟಿಗೆ ಹಂಚುವ ಹಣದಲ್ಲಿ ಎರಡೇ ಪೆಟ್ಟಿಗೆ ಕೊಟ್ಟು, ಉಳಿದದ್ದನ್ನು ಮೊದಲ ಮಳೆಗಾಲದ ಸಕ್ಕರೆಗೂ ತಿಂಗಳಿಗೊಮ್ಮೆ ಬಂದು ನೋಡುವ ಅನುಭವಿಯೊಬ್ಬರ ಖರ್ಚಿಗೂ ಮೀಸಲಿಡುವುದು ಮೇಲು.

ಹೆಚ್ಚು ಇಳುವರಿಯ ಆಸೆಗೆ ಯುರೋಪಿನ ತಳಿಯಾದ ಮೆಲ್ಲಿಫೆರಾ ಜೇನನ್ನು ತರುವ ಸಲಹೆಯನ್ನೂ ಕೇಳಿದ್ದೇನೆ. ಅದನ್ನು ಹೂವಿದ್ದಲ್ಲಿಗೆ ಲಾರಿಯಲ್ಲಿ ಸಾಗಿಸುತ್ತಿರಬೇಕಾಗುವುದರಿಂದ ಬಡ ಕುಟುಂಬಕ್ಕೆ ಅದು ಹೊಂದುವುದಿಲ್ಲ. ತುಡುವೆಗೂ ಅಪಾಯವಿಲ್ಲವೆಂದಲ್ಲ: 1991-92ರಲ್ಲಿ ದಕ್ಷಿಣ ಭಾರತಕ್ಕೆ ಬಂದ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ರೋಗ ಮರಿಗಳನ್ನು ಚೀಲದಂತೆ ಕೊಳೆಸಿ, ಬಹುಪಾಲು ತುಡುವೆ ಕುಟುಂಬಗಳನ್ನು ಅಳಿಸಿಹಾಕಿತ್ತು. ಹಾಗಾಗಿ ಒಂದು ಜೇನು ಕುಟುಂಬವನ್ನು ಎರಡಾಗಿ ಪಾಲು ಮಾಡುವಾಗ ರೋಗ ಕಾಣದ, ಮಳೆಗಾಲವನ್ನು ಚೆನ್ನಾಗಿ ಕಳೆದ ಕುಟುಂಬವನ್ನೇ ಆರಿಸಿಕೊಳ್ಳಬೇಕು.

ಕೊನೆಗೌಡರು ಎರಡು ವರ್ಷಗಳ ಕೆಳಗೆ ಪುನಃ ಶುರುಮಾಡಿದರು. ಈ ಬಾರಿ ಅವರು ಯಾರಲ್ಲಿಯೂ ಜೇನು ಕುಟುಂಬವನ್ನು ಕೇಳಲಿಲ್ಲ. ಪೊಟರೆಯ ತುಡುವೆ ಎಲ್ಲೆಲ್ಲಿದೆಯೆಂಬುದು ಮರ ಹತ್ತುವ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಕಳೆದ ಬೇಸಿಗೆಯಲ್ಲಿ ಮೂರು ಪೆಟ್ಟಿಗೆಗಳಿಂದ 17 ಕಿಲೊ ಜೇನುತುಪ್ಪ ಬಂತು. ಎರಿಯ ಮುಕ್ಕಾಲು ಭಾಗ ಮೇಣದ ಮುಚ್ಚಳ ಬಿದ್ದ ಮೇಲೆಯೇ ತೆಗೆದಿದ್ದರಿಂದ ಅದು ಹುಳಿಯಲಿಲ್ಲ, ಪೇಟೆಗೆ ಒಯ್ಯುವ ಮೊದಲೇ ಊರಿನಲ್ಲಿ ಖರ್ಚಾಯಿತು. ಆ ಹಣದಲ್ಲಿ ಅವರು ಮೊದಲು ಕೊಂಡದ್ದು ಮಳೆಗಾಲಕ್ಕೆ ಬೇಕಾದ ಸಕ್ಕರೆ.