ಕೈ ಕುದುರುವವರೆಗೆ

14 ಜೂನ್ 2025, ಶನಿವಾರ
ದೊಡ್ಡಬಳ್ಳಾಪುರ

ಜೂನ್ ಬಂತೆಂದರೆ ನನ್ನ ಕೋಣೆಯ ಮುಂದಿನ ಬೆಂಚಿನಲ್ಲಿ ಎರಡು ಬಗೆಯವರು ಕೂರುತ್ತಾರೆ. ಪಿಯುಸಿ ಮುಗಿಸಿದ ಅಥವಾ ಪಿಯುಸಿಯಲ್ಲಿ ಎಡವಿದ ಹುಡುಗಿಯರು ಮೊದಲ ಕೆಲಸ ಕೇಳಿಕೊಂಡು ಬಂದಿರುತ್ತಾರೆ. ಹೆರಿಗೆ ರಜೆ ಮುಗಿಸಿದವರು ಹಳೆಯ ಕೆಲಸಕ್ಕೆ ಮರಳಿರುತ್ತಾರೆ. ಹುಡುಗಿಯರು ಬಾಣಂತಿಯರಿಗೆ ಜಾಗ ಬಿಟ್ಟು ನಿಲ್ಲುತ್ತಾರೆ, ಬಾಣಂತಿಯರು ‘ಕೂತ್ಕೊಳ್ಳಮ್ಮ’ ಎಂದು ಕೈಹಿಡಿದು ಎಳೆಯುತ್ತಾರೆ. ಇಬ್ಬರ ಅರ್ಜಿಯೂ ಬೇರೆ ಫೈಲಿನಲ್ಲಿ ಹೋಗುತ್ತದೆ. ಕೆಲಸ ಬಿಟ್ಟು ಹೋಗುವಾಗ ಮಾತ್ರ ಇಬ್ಬರೂ ಒಂದೇ ಕಾರಣ ಹೇಳುತ್ತಾರೆ: ‘ಆಗ್ತಾ ಇಲ್ಲ ಮೇಡಂ.’

ನಾನು ಇಲ್ಲಿಯ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ವೆಲ್ಫೇರ್ ಆಫೀಸರ್, ಅಂದರೆ ಕೆಲಸಗಾರರ ಕ್ಷೇಮ ನೋಡಿಕೊಳ್ಳುವವಳು. ಐನೂರು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಯಲ್ಲಿ ಈ ಹುದ್ದೆ ಇರಲೇಬೇಕೆಂದು 1948ರ ಕಾರ್ಖಾನೆ ಕಾಯ್ದೆ ಹೇಳುವುದರಿಂದ ನನ್ನ ಕುರ್ಚಿ ಉಳಿದುಕೊಂಡಿದೆ. ಪ್ರೊಡಕ್ಷನ್‌ನವರ ಕೈಗೆ ಬಿಟ್ಟಿದ್ದರೆ ಆ ಜಾಗದಲ್ಲಿ ಇನ್ನೆರಡು ಹೊಲಿಗೆ ಮೆಷಿನ್ ಬರುತ್ತಿದ್ದವು.

ಬೆಳಿಗ್ಗೆ ಹೊಸಬರ ಕಾಗದಪತ್ರ ನೋಡಿದೆ. ನಾವು ಹದಿನೆಂಟು ತುಂಬಿದವರನ್ನು ಮಾತ್ರ ತೆಗೆದುಕೊಳ್ಳುತ್ತೇವೆ. ಹದಿನೈದರಿಂದ ಹದಿನೆಂಟರ ನಡುವಿನವರನ್ನು ವೈದ್ಯರ ಪ್ರಮಾಣಪತ್ರದೊಂದಿಗೆ ಕೆಲವು ಕೆಲಸಗಳಿಗೆ ತೆಗೆದುಕೊಳ್ಳಲು ಕಾಯ್ದೆಯಲ್ಲಿ ಅವಕಾಶವಿದ್ದರೂ ವಿದೇಶಿ ಖರೀದಿದಾರರು ನಡೆಸುವ ಆಡಿಟ್‌ಗೆ, ಅಂದರೆ ತಪಾಸಣೆಗೆ, ಹೆದರಿ ಯಾರೂ ಆ ಗೋಜಿಗೆ ಹೋಗುವುದಿಲ್ಲ. ಇವತ್ತು ಒಬ್ಬಳಿಗೆ ಹದಿನೆಂಟಾಗಲು ಇನ್ನೂ ಕೆಲವು ತಿಂಗಳು ಬಾಕಿ. ‘ದೀಪಾವಳಿ ಕಳೆದ ಮೇಲೆ ಬಾ’ ಎಂದೆ. ತಲೆಯಾಡಿಸಿದಳು. ಅಲ್ಲಿಯವರೆಗೆ ಅವಳು ಮನೆಯಲ್ಲಿ ಕೂರುವುದಿಲ್ಲ ಎಂಬುದು ಅವಳಿಗೂ ಗೊತ್ತು, ನನಗೂ ಗೊತ್ತು. ವಯಸ್ಸು ಕೇಳದ, ಪಿಎಫ್ (ಭವಿಷ್ಯ ನಿಧಿ) ಕಟ್ಟದ, ಶೀಟು ಹೊದಿಸಿದ ಸಣ್ಣ ಘಟಕವೊಂದು ಅವಳನ್ನು ಸೋಮವಾರವೇ ಸೇರಿಸಿಕೊಳ್ಳುತ್ತದೆ. ಆಡಿಟ್ ಕಾಪಾಡುವುದು ನಮ್ಮ ಕಾರ್ಖಾನೆಯನ್ನು, ಆ ಹುಡುಗಿಯನ್ನಲ್ಲ.

ಉಳಿದವರ ಆಧಾರ್, ಅಂಕಪಟ್ಟಿ, ಬ್ಯಾಂಕ್ ಪುಸ್ತಕ ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರು ಹೋಲಿಸುವುದೇ ನನ್ನ ದೊಡ್ಡ ಕೆಲಸ. ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ. ಅಂಕಪಟ್ಟಿಯ ಭಾಗ್ಯ ಆಧಾರ್‌ನಲ್ಲಿ ಭಾಗ್ಯಮ್ಮ, ಬ್ಯಾಂಕಿನಲ್ಲಿ ಭಾಗ್ಯಲಕ್ಷ್ಮಿ. ಇದನ್ನು ಮೊದಲ ದಿನವೇ ಸರಿಪಡಿಸದಿದ್ದರೆ ಆರೇಳು ವರ್ಷದ ನಂತರ ಪಿಎಫ್ ಹಣ ಕೇಳಿದಾಗ ಅರ್ಜಿ ತಿರಸ್ಕೃತವಾಗುತ್ತದೆ. ಆಗ ಅವಳು ಮದುವೆಯಾಗಿ ಗೌರಿಬಿದನೂರಿನಾಚೆ ಎಲ್ಲೋ ಇರುತ್ತಾಳೆ. ಸೈಬರ್ ಸೆಂಟರ್‌ಗೂ ಪಿಎಫ್ ಕಚೇರಿಗೂ ಅಲೆಯೋಣವೆಂದರೆ ಕೈಯಲ್ಲಿ ಕೂಸಿರುತ್ತದೆ. ಬ್ಯಾಂಕ್ ಖಾತೆ ಅಪ್ಪನದೋ ಅಣ್ಣನದೋ ಆಗಿದ್ದರೆ ಅಂಥವರನ್ನು ನಾನು ವಾಪಸ್ ಕಳುಹಿಸುತ್ತೇನೆ. ಸಂಬಳ ಅವಳ ಹೆಸರಿನ ಖಾತೆಗೇ ಬೀಳಬೇಕು. ಆಮೇಲೆ ಮನೆಗೆ ಎಷ್ಟು ಕೊಡುತ್ತಾಳೋ ಅದು ಅವಳ ವಿಚಾರ. ಈ ವಿಷಯದಲ್ಲಿ ಕೆಲವು ಅಪ್ಪಂದಿರಿಗೆ ನನ್ನ ಮೇಲೆ ಸಿಟ್ಟಿದೆ, ಇರಲಿ.

ಮೊದಲ ಸಂಬಳದ ಚೀಟಿ ಕೈಗೆ ಬಂದ ದಿನ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ‘ದುಡ್ಡು ಯಾಕೆ ಹಿಡಿದುಕೊಂಡಿದ್ದಾರೆ?’ ಅದಕ್ಕೇ ಈಗ ಮೊದಲೇ ಕಪ್ಪು ಹಲಗೆಯ ಮೇಲೆ ಲೆಕ್ಕ ಬರೆದುಬಿಡುತ್ತೇನೆ. ಸಂಬಳ 13,000 ಎಂದಿಟ್ಟುಕೊಳ್ಳಿ. ಪಿಎಫ್ ಶೇಕಡ 12, ಅಂದರೆ 1,560 ರೂಪಾಯಿ. ಕಾರ್ಮಿಕರ ವಿಮೆಯಾದ ಇಎಸ್‌ಐ ಶೇಕಡ 0.75, ಸುಮಾರು 98 ರೂಪಾಯಿ. ಕೈಗೆ ಬರುವುದು 11,342. ಕಾರ್ಖಾನೆಯೂ ತನ್ನ ಪಾಲಿನ ಶೇಕಡ 12 ಕಟ್ಟುತ್ತದೆ, ಅದರಲ್ಲಿ 8.33 ಪಿಂಚಣಿಗೆ ಹೋಗುತ್ತದೆ. ಇಎಸ್‌ಐಗೆ ಕಾರ್ಖಾನೆಯ ಪಾಲು ಶೇಕಡ 3.25. ‘ಹಾಗಾದರೆ ತೊಂಬತ್ತೆಂಟು ರೂಪಾಯಿಗೆ ಅಮ್ಮನಿಗೂ ಆಸ್ಪತ್ರೆ ಸಿಗುತ್ತದಾ ಮೇಡಂ?’ ಎಂದು ಒಬ್ಬಳು ಕೇಳಿದಳು. ಅಮ್ಮ ಅವಳನ್ನೇ ನಂಬಿಕೊಂಡಿದ್ದರೆ ಸಿಗುತ್ತದೆ. ಅಲ್ಲಿಂದ ಮುಂದೆ ಯಾರೂ ಕಡಿತದ ಬಗ್ಗೆ ಗೊಣಗಲಿಲ್ಲ.

ಇಷ್ಟೆಲ್ಲ ಮಾಡಿಯೂ ಹುಡುಗಿಯರು ಮೊದಲ ತಿಂಗಳಲ್ಲೇ ಬಿಟ್ಟು ಹೋಗುತ್ತಾರೆ. ದೊಡ್ಡಬಳ್ಳಾಪುರ ನೇಕಾರರ ಊರು. ಇಲ್ಲಿಯ ಅನೇಕ ಹುಡುಗಿಯರು ಮನೆಯೊಳಗಿನ ವಿದ್ಯುತ್ ಮಗ್ಗದ ಸದ್ದಿನಲ್ಲೇ ಹುಟ್ಟಿ ಬೆಳೆದವರು. ದಾರ ತುಂಡಾದರೆ ಕಣ್ಣುಮುಚ್ಚಿ ಗಂಟು ಹಾಕುತ್ತಾರೆ. ಕೈಗೆ ಕೆಲಸ ಹೊಸದಲ್ಲ, ಗಡಿಯಾರ ಹೊಸದು. ಮನೆಯ ಮಗ್ಗ ಕರೆಂಟು ಹೋದರೆ ನಿಲ್ಲುತ್ತದೆ, ನೆಂಟರು ಬಂದರೆ ನಿಲ್ಲುತ್ತದೆ. ಇಲ್ಲಿ ಲೈನಿನ ಕೊನೆಯಲ್ಲೊಂದು ಬೋರ್ಡ್ ಇದೆ. ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ ಒಂದು ಸಾಲಿನಲ್ಲಿ, ಆಗಿದ್ದೆಷ್ಟು ಎಂಬುದು ಅದರ ಕೆಳಗೆ. ಒಂದು ಶರ್ಟು ಹತ್ತಾರು ಕೈ ದಾಟಿ ಹೋಗುತ್ತದೆ. ಒಬ್ಬಳು ಕಾಲರ್, ಒಬ್ಬಳು ಕಫ್, ಮತ್ತೊಬ್ಬಳು ತೋಳು. ನಡುವೆ ಒಬ್ಬಳ ಕೈ ನಿಧಾನವಾದರೆ ಬಂಡಲ್‌ಗಳು ಅವಳ ಮುಂದೆ ಗುಡ್ಡೆಯಾಗುತ್ತವೆ, ಮುಂದಿನವಳು ಖಾಲಿ ಕೂರುತ್ತಾಳೆ, ಇಡೀ ಲೈನಿನ ಇನ್ಸೆಂಟಿವ್ (ಪ್ರೋತ್ಸಾಹಧನ) ಹೋಗುತ್ತದೆ. ಆದ್ದರಿಂದ ಸೂಪರ್‌ವೈಸರ್ ಬೈಯುವ ಮೊದಲೇ ಪಕ್ಕದವಳು ಬೈದಿರುತ್ತಾಳೆ. ಹೊರಗಿನಿಂದ ನೋಡಲು ಬರುವವರಿಗೆ ಇದು ಅರ್ಥವಾಗುವುದಿಲ್ಲ. ಸೂಪರ್‌ವೈಸರ್‌ಗಳಿಗೆ ಸಮಾಧಾನದಿಂದ ಮಾತನಾಡುವ ತರಬೇತಿ ಕೊಡಿಸಿ ಎಂದು ಸಲಹೆ ಕೊಟ್ಟು ಹೋಗುತ್ತಾರೆ. ಕೊಡಿಸೋಣ. ಆದರೆ ಬೋರ್ಡಿನ ಮೇಲಿನ ಅಂಕಿ ಬದಲಾಗದೆ ಮಾತು ಎಷ್ಟು ದಿನ ಮೆತ್ತಗಿರುತ್ತದೆ?

ಹುಡುಗಿಯರಿಗೆ ಇನ್ನೊಂದು ಕಷ್ಟವಿದೆ, ಅದನ್ನು ಯಾವ ಅರ್ಜಿಯಲ್ಲೂ ಬರೆಯುವುದಿಲ್ಲ. ಶೌಚಾಲಯಕ್ಕೆ ಹೋಗಬೇಕೆಂದು ಗಂಡಸು ಸೂಪರ್‌ವೈಸರನ್ನು ಕೇಳಲು ನಾಚಿಕೆ. ಕೇಳಬೇಕಾಗುತ್ತದೆಂದು ನೀರನ್ನೇ ಕುಡಿಯುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ತಲೆಸುತ್ತಿ ನರ್ಸ್ ಬಳಿ ಬಂದವರಲ್ಲಿ ಹೊಸಬರೇ ಹೆಚ್ಚು. ಅದಕ್ಕೆ ಪ್ರತಿ ಹೊಸಬಳನ್ನು ಒಬ್ಬ ಹಳೆಯ ಟೈಲರ್‌ಗೆ ಒಪ್ಪಿಸುತ್ತಿದ್ದೇನೆ. ‘ಇವಳು ನಿನ್ನ ಅಕ್ಕ, ನೀರು ಕುಡಿಯುವುದರಿಂದ ಹಿಡಿದು ರಜೆ ಕೇಳುವವರೆಗೆ ಮೊದಲು ಇವಳಿಗೆ ಹೇಳು’ ಎನ್ನುತ್ತೇನೆ. ಅಕ್ಕಂದಿರಲ್ಲಿ ಕೆಲವರು ಬಲು ಜೋರು. ಒಬ್ಬಳಂತೂ ಊಟದ ಡಬ್ಬಿ ಖಾಲಿಯಾಗಿದೆಯೇ ಎಂದು ತೆರೆದು ನೋಡುತ್ತಾಳಂತೆ.

ತೊಂಡೇಬಾವಿ ಕಡೆಯ ಹುಡುಗಿಯೊಬ್ಬಳು ಹನ್ನೊಂದರ ಹೊತ್ತಿಗೆ ಬಂದು ಗೋಡೆಗೆ ಅಂಟಿ ನಿಂತಳು. ಕಳೆದ ತಿಂಗಳು ಸೇರಿದವಳು, ಪಿಯುಸಿಯಲ್ಲಿ ಒಂದೇ ವಿಷಯ ಉಳಿದಿದೆ. ನಮ್ಮ ರಾಜ್ಯದಲ್ಲಿ ಈ ವರ್ಷ ಮೂರು ಪರೀಕ್ಷೆ. ಮೂರನೆಯದು ಈ ತಿಂಗಳಲ್ಲೇ ನಡೆಯುತ್ತಿದೆ, ಅವಳ ವಿಷಯ ಮುಂದಿನ ವಾರ. ರಜೆ ಕೇಳಿದ್ದಕ್ಕೆ ಸೂಪರ್‌ವೈಸರ್, ‘ಓದುವವಳಾಗಿದ್ದರೆ ಇಲ್ಲಿಗೆ ಯಾಕೆ ಬರುತ್ತಿದ್ದೆ?’ ಎಂದರಂತೆ. ಒಂದು ದಿನ ಪರೀಕ್ಷೆಗೆ, ಹಿಂದಿನ ದಿನ ಓದಲು, ಎರಡಕ್ಕೂ ನಾನೇ ಸಹಿ ಹಾಕಿದೆ. ಹಾಲ್ ಟಿಕೆಟ್ ಜೆರಾಕ್ಸ್ ಅಂಟಿಸಿದ ರಜೆ ಅರ್ಜಿಯನ್ನು ತಿರಸ್ಕರಿಸಿ ತೋರಿಸಲಿ. ಈ ಕೆಲಸ ಅವಳ ಪಾಲಿಗೆ ಕೊನೆಯ ನಿಲ್ದಾಣವೆಂದು ಮೊದಲ ತಿಂಗಳಲ್ಲೇ ಹೇಳುವವರ ಕೈಕೆಳಗೆ ಯಾರು ಮನಸ್ಸಿಟ್ಟು ಕಲಿಯುತ್ತಾರೆ?

ಮಧ್ಯಾಹ್ನ ಬಾಣಂತಿಯರ ಸರದಿ. ಇಲ್ಲಿ ಲೆಕ್ಕ ಇನ್ನೂ ತಿಕ್ಕಲು. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ ಮೊದಲ ಎರಡು ಮಕ್ಕಳಿಗೆ ರಜೆ 26 ವಾರ ಆಯಿತು. ನಮ್ಮವರು ಇಎಸ್‌ಐ ವ್ಯಾಪ್ತಿಯಲ್ಲಿರುವುದರಿಂದ ಅಷ್ಟೇ ವಾರಗಳ ಹಣ ಇಎಸ್‌ಐ ನಿಗಮದಿಂದಲೇ ಅವರ ಖಾತೆಗೆ ಬರುತ್ತದೆ. ಕೇಳಲು ಸೊಗಸಾಗಿದೆ. ಆದರೆ ಇದರಲ್ಲಿ ಎಂಟು ವಾರದವರೆಗೆ ಹೆರಿಗೆಗೆ ಮುಂಚೆ ತೆಗೆದುಕೊಳ್ಳಬಹುದು. ದಿನವಿಡೀ ಮೆಷಿನ್ ಮುಂದೆ ಬಗ್ಗಿ ಕೂರುವ, ವ್ಯಾನಿನಲ್ಲಿ ಕುಲುಕಾಡಿಕೊಂಡು ಬರುವ ಹೆಣ್ಣು ಏಳು ತಿಂಗಳ ನಂತರ ಬರಲಾರಳು, ಬರಬಾರದು ಕೂಡ. ಆ ಎಂಟು ವಾರ ಕಳೆದರೆ ಉಳಿಯುವುದು ಹದಿನೆಂಟು. ಅಂದರೆ ಅವಳು ಮತ್ತೆ ಗೇಟಿನ ಮುಂದೆ ನಿಂತಾಗ ಕೂಸಿಗೆ ನಾಲ್ಕು ತಿಂಗಳು. ಆರು ತಿಂಗಳು ತಾಯಿಯ ಹಾಲು ಬಿಟ್ಟು ಬೇರೇನೂ ಕೊಡಬೇಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ರಾಗಿ ಸರಿ ತಿನ್ನಿಸುವ ವಯಸ್ಸೂ ಆಗಿರುವುದಿಲ್ಲ.

ಹಾಗಾದರೆ ಕೂಸನ್ನು ಕ್ರೆಷ್‌ಗೆ, ಅಂದರೆ ಕೆಲಸದ ಹೊತ್ತಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೋಣೆಗೆ, ತನ್ನಿ ಎನ್ನಬಹುದು. ಮೂವತ್ತಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕ್ರೆಷ್ ಇರಬೇಕೆಂದು ಕಾರ್ಖಾನೆ ಕಾಯ್ದೆ ಹೇಳಿ ಎಷ್ಟು ಕಾಲವಾಯಿತು! ನಮ್ಮಲ್ಲೂ ಇದೆ. ಗೋಡೆಗೆ ಆನೆ, ಜಿರಾಫೆ ಬರೆಸಿದ್ದಾರೆ, ತೊಟ್ಟಿಲೂ ಇದೆ. ಬಾಗಿಲಲ್ಲಿ ‘ಒಂದು ವರ್ಷ ತುಂಬಿದ ಮಕ್ಕಳಿಗೆ ಮಾತ್ರ’ ಎಂಬ ಫಲಕವೂ ಇದೆ. ಕಾಯ್ದೆಯಲ್ಲಿ ಕೆಳಗಿನ ಮಿತಿಯೇ ಇಲ್ಲ, ಇದು ಆಡಳಿತದವರ ಅನುಕೂಲದ ಮಿತಿ. ಇರುವವಳು ಒಬ್ಬಳೇ ಆಯಾ, ಓಡಾಡುವ ಮಕ್ಕಳ ನಡುವೆ ಎಳೆಗೂಸನ್ನು ಹೇಗೆ ನೋಡಿಕೊಳ್ಳುವುದು ಎಂಬುದು ಅವರ ವಾದ. ಇನ್ನೊಬ್ಬ ಆಯಾಳನ್ನು ತೆಗೆದುಕೊಳ್ಳಿ ಎಂದರೆ ಬಜೆಟ್ ಎನ್ನುತ್ತಾರೆ. ನಾಲ್ಕು ತಿಂಗಳಿಂದ ಹನ್ನೆರಡು ತಿಂಗಳವರೆಗೆ ಆ ಕೂಸು ಯಾರದ್ದು? ಅಜ್ಜಿಯದ್ದು. ಅಜ್ಜಿ ಇಲ್ಲದವಳು ರಾಜೀನಾಮೆ ಬರೆಯುತ್ತಾಳೆ.

ಕೂಸಿಗೆ ಹದಿನೈದು ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಕೊಡಬೇಕೆಂಬ ಕಲಮೂ ಇದೆ. ಕೂಸು ಹಳ್ಳಿಯಲ್ಲಿ, ತಾಯಿ ಇಲ್ಲಿ ಇದ್ದರೆ ಆ ಬಿಡುವಿನಲ್ಲಿ ಅವಳು ಮಾಡುವುದೇನು? ಬಾತ್‌ರೂಮಿಗೆ ಹೋಗಿ ಎದೆಯ ಹಾಲನ್ನು ಹಿಂಡಿ ಚೆಲ್ಲಿ ಬರುತ್ತಾಳೆ. ಕಾಲರ್ ಕೂರಿಸುವ ಕೆಲಸದವಳೊಬ್ಬಳು ಇದನ್ನು ಹೇಳಿದಾಗ ನಾನೂ ನರ್ಸೂ ಸೇರಿ ಆರೋಗ್ಯ ಕೊಠಡಿಯಲ್ಲಿ ಪರದೆ ಕಟ್ಟಿಸಿದೆವು, ಔಷಧದ ಫ್ರಿಜ್ಜಿನಲ್ಲಿ ಒಂದು ಅರೆ ಬಿಡಿಸಿದೆವು. ಹಿಂಡಿದ ಹಾಲು ಸಾಧಾರಣ ಕೋಣೆಯ ತಾಪದಲ್ಲಿ ನಾಲ್ಕು ಗಂಟೆ ಕೆಡುವುದಿಲ್ಲ, ಫ್ರಿಜ್ಜಿನಲ್ಲಿ ನಾಲ್ಕು ದಿನ ಇರುತ್ತದೆ. ಸಂಜೆ ಐಸ್ ಪ್ಯಾಕ್ ಇಟ್ಟ ಚೀಲದಲ್ಲಿ ಮನೆಗೆ. ಮೊದಲು ಅತ್ತೆಯರು ‘ತಂಗಳು ಹಾಲು’ ಎಂದು ಮೂಗು ಮುರಿದರಂತೆ. ಈಗ ಚೀಲ ತರಲು ಮರೆತರೆ ಅವರೇ ನೆನಪಿಸುತ್ತಾರಂತೆ.

ಹಳ್ಳಿಯ ಮಕ್ಕಳನ್ನು ಹಗಲು ನೋಡಿಕೊಳ್ಳುವ ಸರ್ಕಾರದ ‘ಕೂಸಿನ ಮನೆ’ ಆ ಕಾಲರ್ ಕೂರಿಸುವವಳ ಪಂಚಾಯಿತಿಯಲ್ಲೇ ಇದೆ. ಅದು ಹುಟ್ಟಿಕೊಂಡಿದ್ದು ನರೇಗಾ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ. ಅದರ ಬಾಗಿಲು ತೆರೆಯುವಾಗ ನಮ್ಮ ವ್ಯಾನ್ ಊರು ಬಿಟ್ಟು ಬಹಳ ಹೊತ್ತಾಗಿರುತ್ತದೆ.

ಬಸುರಿಯಾದ ಕೂಡಲೇ ಕೆಲಸ ಬಿಡುವವರನ್ನು ಹಿಡಿದು ನಿಲ್ಲಿಸುವುದು ಇನ್ನೊಂದು ಹೋರಾಟ. ನಾಲ್ಕು ವರ್ಷ ದುಡಿದವಳು ರಾಜೀನಾಮೆ ಕೊಟ್ಟು, ಮಗು ದೊಡ್ಡದಾದ ಮೇಲೆ ಹೊಸಬಳಾಗಿ ಸೇರಿದರೆ ಗ್ರಾಚ್ಯುಟಿಯ, ಅಂದರೆ ಕೆಲಸ ಬಿಡುವಾಗ ಸೇವೆಗೆ ಸಿಗುವ ಹಣದ, ಐದು ವರ್ಷದ ಎಣಿಕೆ ಮತ್ತೆ ಒಂದರಿಂದ. ರಜೆ ಹಾಕಿ ಹೋಗಿದ್ದರೆ ಆ 26 ವಾರವೂ ಸೇವೆಗೇ ಸೇರುತ್ತಿತ್ತು. ಪಿಎಫ್ ಜೊತೆ ಪಿಂಚಣಿಯ ಹಣವನ್ನೂ ಪೂರ್ತಿ ತೆಗೆದುಬಿಟ್ಟರೆ ಪಿಂಚಣಿಗೆ ಬೇಕಾದ ಹತ್ತು ವರ್ಷವೂ ಚೂರಾಗುತ್ತದೆ. ಇದನ್ನು ಗಂಡನ ಮುಂದೆ ಹೇಳಿದರೆ ಬೇಗ ನಾಟುತ್ತದೆ ಎಂದು ಕಂಡುಕೊಂಡಿದ್ದೇನೆ. ಹೆಂಡತಿಯ ಆಯಾಸ ಕಾಣದ ಕಣ್ಣಿಗೂ ಗ್ರಾಚ್ಯುಟಿ ಕಾಣುತ್ತದೆ.

ಗಂಡಂದಿರ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಕಟಿಂಗ್ ವಿಭಾಗದ ಹುಡುಗನೊಬ್ಬ ಮೊನ್ನೆ ಅಪ್ಪನಾದ. ಕೇಂದ್ರ ಸರ್ಕಾರದ ನೌಕರನಾಗಿದ್ದರೆ 15 ದಿನ ಪಿತೃತ್ವ ರಜೆ ಸಿಗುತ್ತಿತ್ತು. ಖಾಸಗಿಯವರಿಗೆ ಅಂಥ ಕಾಯ್ದೆಯೇ ಇಲ್ಲ. ತನ್ನ ಗಳಿಕೆ ರಜೆಯಲ್ಲಿ ಒಂದಿಷ್ಟು ಮುರಿದುಕೊಂಡು ಹೋಗಿದ್ದ, ಇವತ್ತು ನಿದ್ದೆಗಣ್ಣಿನಲ್ಲಿ ಬಂದ. ನಿದ್ದೆಗೆಟ್ಟವನ ಕೈಗೆ ಬಟ್ಟೆ ಕತ್ತರಿಸುವ ಯಂತ್ರ ಕೊಡಬೇಡಿ, ಒಂದು ವಾರ ಬಟ್ಟೆ ಹಾಸುವ ಕೆಲಸಕ್ಕೆ ಹಾಕಿ ಎಂದು ಇನ್‌ಚಾರ್ಜ್‌ಗೆ ಹೇಳಿದೆ. ಅವರಿಗೂ ಎಳೆಮಗುವಿದೆ. ಎರಡನೆಯ ಮಾತಿಲ್ಲದೆ ಒಪ್ಪಿದರು.

ಸಂಜೆ ಪ್ರೊಡಕ್ಷನ್ ಮ್ಯಾನೇಜರ್ ಜೊತೆ ಅರ್ಧ ಗಂಟೆ ಜಗಳ. ನನ್ನ ಬೇಡಿಕೆ ಸಣ್ಣದು. ಹೊಸಬರನ್ನೂ ಹೆರಿಗೆ ಮುಗಿಸಿ ಬಂದವರನ್ನೂ ಕೆಲವು ವಾರ ಲೈನಿನ ಲೆಕ್ಕದಿಂದ ಹೊರಗಿಡಿ. ಕೂರಲಿ, ಹೊಲಿಯಲಿ, ಆದರೆ ಬೋರ್ಡಿನ ಅಂಕಿಯನ್ನು ಅವರ ತಲೆ ಎಣಿಸಿ ಬರೆಯಬೇಡಿ. ಆಗ ಪಕ್ಕದವಳಿಗೆ ಬೈಯಲು ಕಾರಣವಿರುವುದಿಲ್ಲ, ಕಲಿಸಲು ಪುರುಸೊತ್ತು ಸಿಗುತ್ತದೆ. ಆರು ತಿಂಗಳು ಮೆಷಿನ್ ಮುಟ್ಟದ ಕೈ ಮೊದಲ ದಿನವೇ ಹಳೆಯ ವೇಗಕ್ಕೆ ಬರುವುದಿಲ್ಲ, ಆದರೆ ಬಂದೇ ಬರುತ್ತದೆ. ಹೊಸ ಟೈಲರ್‌ನ ಕೈ ಪಳಗಿಸಲು ತಿಂಗಳುಗಟ್ಟಲೆ ಕಾಯುವವರು, ಪಳಗಿದ ಕೈಗಾಗಿ ಮೂರು ವಾರ ಕಾಯಲಾರರೇ?

ಬಾಣಂತಿಯರಿಗೆ ಮೂರು ವಾರ ಒಪ್ಪಿದರು. ಮೂರು ವಾರ ಅವರು ‘ಫ್ಲೋಟರ್’, ಗೈರುಹಾಜರಾದವರ ಜಾಗದಲ್ಲಿ ಕೂರುವುದು, ಟಾರ್ಗೆಟ್ ಇಲ್ಲ. ಹುಡುಗಿಯರ ವಿಷಯದಲ್ಲಿ ಮಾತ್ರ ಜಗ್ಗಲಿಲ್ಲ. ‘ಟ್ರೇನಿಂಗ್ ರೂಮಿನಲ್ಲಿ ಕಲಿಸಿಯೇ ಕಳುಹಿಸುತ್ತೇವಲ್ಲ’ ಎಂದರು. ಟ್ರೇನಿಂಗ್ ರೂಮಿನಲ್ಲಿ ಚಿಂದಿ ಬಟ್ಟೆಯ ಮೇಲೆ ನೇರ ಗೆರೆ ಹೊಲಿದವಳು ಲೈನಿನಲ್ಲಿ ಜಾರುವ ರೇಯಾನ್ ಹಿಡಿದು ಕಣ್ಣೀರು ಹಾಕುವುದನ್ನು ಅವರು ನೋಡಿಲ್ಲ. ಅವರ ಕ್ಯಾಬಿನ್ ಮಹಡಿಯ ಮೇಲಿದೆ. ಈ ವರ್ಷ ಬಂದ ರಾಜೀನಾಮೆ ಪತ್ರಗಳನ್ನು ಸೇರಿದ ದಿನಾಂಕದೊಂದಿಗೆ ಜೋಡಿಸಿ ಕೊಡುವುದಾಗಿ ಹೇಳಿ ಬಂದಿದ್ದೇನೆ. ನಾಳೆ ಭಾನುವಾರ, ಕೂತು ಅದನ್ನೇ ಮಾಡಬೇಕು.

ಕ್ರೆಷ್ ಬಾಗಿಲಿನ ಫಲಕದ ವಿಷಯ ಸೋಮವಾರ ಜನರಲ್ ಮ್ಯಾನೇಜರ್ ಮುಂದೆ. ಬಜೆಟ್ ಎಂದರೆ ಹೇಳಲು ಉತ್ತರ ಸಿದ್ಧವಿದೆ: ಮುಂದಿನ ಆಡಿಟ್‌ಗೆ ಬರುವವರನ್ನು ಮೊದಲು ಆ ಬಾಗಿಲಿಗೇ ಕರೆದುಕೊಂಡು ಹೋಗಿ ಫಲಕ ಓದಿಸುತ್ತೇನೆ, ಪಕ್ಕದಲ್ಲಿ ಕಾಯ್ದೆಯ ಪುಟವನ್ನೂ ಹಿಡಿಯುತ್ತೇನೆ.