ಇಳಿಸುವ ಪಾಠ

ಕಾರವಾರದ ಹೊರಗೆ, ಮಾಲೀಕರ ಒಪ್ಪಿಗೆ ಪಡೆದ ಖಾಲಿ ಬಯಲೊಂದರಲ್ಲಿ ವೀಲಿ, ಅಂದರೆ ಮುಂದಿನ ಚಕ್ರ ಎತ್ತಿ ಹಿಂದಿನ ಚಕ್ರದ ಮೇಲಷ್ಟೇ ಬೈಕ್ ಓಡಿಸುವುದನ್ನು, ಕಲಿಯುತ್ತಿದ್ದೇನೆ. ಗುರುಗಳು ಮೊದಲು ಹೇಳಿಕೊಟ್ಟದ್ದು ಎತ್ತಿದ ಚಕ್ರವನ್ನು ಇಳಿಸುವುದನ್ನು. ಬಲಗಾಲು ಸದಾ ಹಿಂದಿನ ಬ್ರೇಕಿನ ಪೆಡಲ್ ಮೇಲೆಯೇ ಇರಬೇಕು. ಬೈಕ್ ಹಿಂದಕ್ಕೆ ವಾಲುತ್ತಿದೆ ಎನ್ನಿಸಿದ ಕೂಡಲೇ ಹದವಾಗಿ ಒತ್ತಿದರೆ ಮುಂದಿನ ಚಕ್ರ ನೆಲಕ್ಕೆ ಬರುತ್ತದೆ. ಮೊದಲನೇ ಗೇರ್, ಕಡಿಮೆ ವೇಗ, ಕ್ಲಚ್ ಮೇಲೆ ಬೆರಳು. ಚಕ್ರ ಗೇಣುದ್ದ ಎದ್ದರೆ ಸಾಕು, “ಬ್ರೇಕ್, ಬ್ರೇಕ್!” ಎಂದು ಪಕ್ಕದಿಂದ ಕೂಗುತ್ತಾರೆ. ಎತ್ತರದ ಮಾತು ಇನ್ನೂ ಬಂದಿಲ್ಲ, ನನಗೆ ಅವಸರವೂ ಇಲ್ಲ.

ರಾಷ್ಟ್ರೀಯ ಹೆದ್ದಾರಿ 66ರಲ್ಲಿ, ಲಾರಿಗಳ ನಡುವೆ, ಹೆಲ್ಮೆಟ್ ಕೂಡ ಇಲ್ಲದೆ ಚಕ್ರ ಎತ್ತುವ ಹುಡುಗರನ್ನು ಕಂಡರೆ ಈಗ ಎದೆ ಝಲ್ಲೆನ್ನುತ್ತದೆ. ಬೈಯಲು ಮನಸ್ಸು ಬರುವುದಿಲ್ಲ. ಅವರಿಗೂ ಇಂಥದ್ದೊಂದು ಬಯಲು, ಇಂಥ ಗುರುಗಳು ಸಿಗಬೇಕು. ಗೊತ್ತಿರುವ ಹುಡುಗರಿದ್ದರೆ ತಿಳಿಸಿ, ನಾನೇ ಕರೆದುಕೊಂಡು ಹೋಗುತ್ತೇನೆ.