ಎಂಸಿಬಿಯನ್ನು ಯಾಕೆ ಬೈಯಬೇಕು?

“ಅದು ತನ್ನ ಕೆಲಸ ಮಾಡಾಕತ್ತೈತ್ರೀ ಅಕ್ಕಾರ. ಅದನ್ನ್ಯಾಕ ಬೈತೀರಿ?”

ವೈರ್‌ಮನ್ ಒಬ್ಬರು ಹೇಳಿದ ಈ ಮಾತು ವಾರವಿಡೀ ನನ್ನ ತಲೆಯಲ್ಲಿ ಸುತ್ತುತ್ತಿದೆ. ಬೆಳಿಗ್ಗೆ ಗೀಸರ್, ಇಂಡಕ್ಷನ್ ಒಲೆ, ಕೆಟಲ್ ಮೂರೂ ಒಟ್ಟಿಗೆ ಓಡಿದರೆ ಮುಂಬೈ ಹತ್ತಿರದ ನಮ್ಮ ಡೊಂಬಿವಲಿ ಮನೆಯಲ್ಲಿ ಎಂಸಿಬಿ, ಅಂದರೆ ಲೋಡ್ ಹೆಚ್ಚಾದರೆ ತಾನೇ ಕರೆಂಟ್ ಕಡಿಯುವ ಸ್ವಿಚ್, ಬೀಳುತ್ತಿತ್ತು. ಮೊದಲು ರಿಪೇರಿಗೆ ಬಂದ ಹುಡುಗ ಬೋರ್ಡಿಗೆ ಕೈಯನ್ನೂ ಹಚ್ಚಲಿಲ್ಲ. 16 ಆಂಪಿನದ್ದು ತೆಗೆದು 32 ಆಂಪಿನ ಎಂಸಿಬಿ ಹಾಕಿಬಿಟ್ಟರೆ ಮತ್ತೆ ಬೀಳುವುದೇ ಇಲ್ಲ ಎಂದ. ನಮ್ಮ ವಿಂಗಿನಲ್ಲಿ ಬೇರೆಯವರಿಗೂ ಹಾಗೇ ಮಾಡಿಕೊಟ್ಟಿದ್ದಾನಂತೆ. ನನಗೆ ಮನಸ್ಸು ಒಪ್ಪಲಿಲ್ಲ, ಬೇಡ ಅಂದೆ.

ಆಮೇಲೆ ಗೆಳತಿಯೊಬ್ಬಳು ಈ ವಿಜಯಪುರದ ಕಡೆಯ ವೈರ್‌ಮನ್ ನಂಬರ್ ಕೊಟ್ಟಳು. ಬಂದವರು ಮೊದಲು ಕೇಳಿದ್ದು, ಯಾವ ಪಾಯಿಂಟಿನಲ್ಲಿ ಏನೇನು ಓಡುತ್ತದೆ ಎಂದು. ಗೀಸರ್ 2000 ವ್ಯಾಟ್, ಒಲೆ 2000, ಕೆಟಲ್ 1500. 230 ವೋಲ್ಟ್‌ಗೆ ಲೆಕ್ಕ ಹಾಕಿದರೆ ಸುಮಾರು 24 ಆಂಪ್. ಇಷ್ಟೂ ಒಂದೇ ಲೈನಿನ ಮೇಲೆ! ಸಾಕೆಟ್ ಬಿಚ್ಚಿ ವೈರ್ ತೋರಿಸಿದರು.

“ಇದು ಒಂದೂವರೆ ಎಂಎಂದ ಸಣ್ಣ ವೈರ ಐತ್ರಿ. 32 ಹಾಕಿದ್ರ ಎಂಸಿಬಿ ಬೀಳೂದಿಲ್ಲ ಖರೆ, ಗ್ವಾಡಿ ಒಳಗ ವೈರ ಸುಡತೈತಿ.”

ಎಂಸಿಬಿ ಇರುವುದೇ ವೈರನ್ನು ಕಾಯಲಿಕ್ಕೆ. ಕಾಯುವವನು ತಡೆದ ಅಂತ ಅವನನ್ನೇ ಬದಲಿಸುವುದಾ?

ಅಷ್ಟಕ್ಕೇ ಅವರು ಬಿಡಲಿಲ್ಲ. ಗೀಸರಿನ ಸಾಕೆಟ್ ಹಿಂದೆ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗಿನ ಹಸಿರು ವೈರ್ ಎಲ್ಲಿಗೂ ಜೋಡಿಸದೆ ಸುಮ್ನೆ ನೇತಾಡುತ್ತಿತ್ತು. ಒಳಗಿನ ಕಾಯಿಲ್ ಕೆಟ್ಟು ಕರೆಂಟ್ ಗೀಸರಿನ ಲೋಹದ ಮೈಗೆ ಬಂದಿದ್ದರೆ, ಒದ್ದೆ ಕೈಯಲ್ಲಿ ನಲ್ಲಿ ಮುಟ್ಟಿದವರ ಗತಿ? ನನ್ನ ಮಗಳು ದಿನಾ ಅಲ್ಲೇ ಸ್ನಾನ ಮಾಡುತ್ತಾಳೆ. ಇದನ್ನು ಬರೆಯುವಾಗಲೂ ಎದೆ ಹೊಡೆದುಕೊಳ್ಳುತ್ತಿದೆ. ಹಸಿರು ವೈರನ್ನು ಅವರು ಆಗಲೇ ಜೋಡಿಸಿ, ಟೆಸ್ಟ್ ಲ್ಯಾಂಪ್ ಹಚ್ಚಿ ತೋರಿಸಿದರು. ಗೀಸರಿಗೆ ಮೇನ್ ಬೋರ್ಡಿನಿಂದಲೇ ಬೇರೆ ಲೈನ್, 4 ಎಂಎಂ ವೈರ್, ಜೊತೆಗೆ 30 ಮಿಲಿಆಂಪಿನ ಆರ್‌ಸಿಸಿಬಿ ಬೇಕು ಎಂದರು. ಕರೆಂಟ್ ಸ್ವಲ್ಪ ಆಚೆ ಸೋರಿದರೂ ಅದು ಲೈನ್ ಕತ್ತರಿಸುತ್ತದೆ. ಭಾನುವಾರ ಆ ಕೆಲಸ.

ನೋಡಿದ್ದಕ್ಕೆ 300 ರೂಪಾಯಿ ತಗೊಂಡರು. “ಬರೀ ನೋಡಿದ್ದಕ್ಕೆ ಅಷ್ಟಾ?” ಎಂದರು ಪಕ್ಕದ ಮನೆಯವರು. ನನಗೆ ಸಿಟ್ಟೇ ಬಂತು. ಡಾಕ್ಟರ್ ನಾಡಿ ನೋಡಿದರೆ ಕೊಡುತ್ತೇವೆ, ಅಲ್ವಾ? ಆ ಮುಕ್ಕಾಲು ಗಂಟೆಯ ನೋಟವೇ ನಿಜವಾದ ಕೆಲಸ. ಸ್ಕ್ರೂ ತಿರುಗಿಸಲು ಯಾರಾದರೂ ಸಿಗುತ್ತಾರೆ. “ಇದು ಮಾಡಬಾರದು” ಎಂದು ಹೇಳಿ, ಕೈಗೆ ಬಂದ ಸುಲಭದ ದುಡ್ಡು ಬಿಡುವವರು ಕಡಿಮೆ. ನಾವು ಚೌಕಾಸಿ ಮಾಡುವುದು ಮಾತ್ರ ಇಂಥವರ ಹತ್ತಿರವೇ ಜಾಸ್ತಿ. ಬೇಗ ಮುಗಿಸಿ ಹೋಗುವವನನ್ನು ಹುಷಾರಿ ಎನ್ನುತ್ತೇವೆ, ನಿಧಾನಕ್ಕೆ ಹುಡುಕುವವರ ಮೇಲೆ ಅನುಮಾನ ಪಡುತ್ತೇವೆ. ಊರು ಬಿಟ್ಟು ಬಂದು ಇಷ್ಟು ನಿಯತ್ತಿನಿಂದ ದುಡಿಯುವವರಿಗೆ ಇದು ಅನ್ಯಾಯ.

ಕೆಳಗಿನ ಮಹಡಿಯ ಅಜ್ಜಿಯ ಮನೆಯಲ್ಲಿ ಆ 32ರ ಎಂಸಿಬಿ ಈಗಲೂ ಇದೆ. ಹೇಳಿದರೆ “ಈಗ ಬೀಳೋದಿಲ್ವಲ್ಲ” ಅನ್ನುತ್ತಾರೆ. ಭಾನುವಾರ ವೈರ್‌ಮನ್ ಬಂದಾಗ ಅವರನ್ನು ಅಲ್ಲಿಗೂ ಕರೆದುಕೊಂಡು ಹೋಗುತ್ತೇನೆ. ನೋಡುವ ಚಾರ್ಜ್ ನಾನೇ ಕೊಡುತ್ತೇನೆ.